ಓಮ್‌ನ ನಿಯಮ ಮತ್ತು ನಮ್ಮ ಕನ್ನಡ ತರಗತಿ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಮನೆಗೆ ಬಂದು ಕೇಳಿದಾಗ, ಹಳೆಯ ನೆನಪುಗಳನ್ನು ಬರೆಯೋಣವೆಂದು ಮೊದಲು ಯೋಚಿಸಿದ್ದೆ. ಆದರೆ ಶಾಲೆ ನಡೆದು ಬಂದ ದಾರಿಯನ್ನೂ ಅದನ್ನು ಕಟ್ಟಿ ಬೆಳೆಸಿದ ಹಿರಿಯರ ತ್ಯಾಗವನ್ನೂ ನನಗಿಂತ ಚೆನ್ನಾಗಿ ಬಲ್ಲವರು ಈ ಸಂಚಿಕೆಯಲ್ಲಿ ಬರೆಯಲಿದ್ದಾರೆ. ಸುಮಾರು ಮೂವತ್ತು ವರ್ಷ ಇಲ್ಲಿ ಭೌತಶಾಸ್ತ್ರ ಕಲಿಸಿದ ನಾನು, ನನ್ನ ಪಾಠದ ವಿಷಯವನ್ನೇ ಹಿಡಿದು ಒಂದು ಅಭಿಪ್ರಾಯವನ್ನು ಹಳೆ ವಿದ್ಯಾರ್ಥಿಗಳ ಹಾಗೂ ಹೆತ್ತವರ ಮುಂದಿಡುವುದು ಲೇಸೆಂದು ತೋರಿತು. ಹತ್ತನೆಯ ತರಗತಿಯ ಮಕ್ಕಳೆಲ್ಲರೂ ಮಾಡುವ ಒಂದು ಸಣ್ಣ ಲೆಕ್ಕವೇ ಆ ವಿಷಯ. ವೋಲ್ಟೇಜ್ ಇಷ್ಟು, ವಿದ್ಯುತ್ ಪ್ರವಾಹ ಇಷ್ಟು ಎಂದು ಕೊಟ್ಟಿದ್ದರೆ ಉಪಕರಣದ ರೋಧವೆಷ್ಟು, ಸಾಮರ್ಥ್ಯವೆಷ್ಟು ಎಂದು ಕಂಡುಹಿಡಿಯುವುದು.

ಲೆಕ್ಕವೇನೋ ಸುಲಭ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮ್ ಸಿಗುತ್ತದೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವಾಟ್ ಸಿಗುತ್ತದೆ. 230 ವೋಲ್ಟಿನಲ್ಲಿ ಉರಿಯುವ ಬಲ್ಬೊಂದರಲ್ಲಿ 0.26 ಆಂಪಿಯರ್ ಪ್ರವಾಹ ಹರಿಯುತ್ತಿದ್ದರೆ, ಭಾಗಿಸಿದಾಗ ರೋಧ ಸುಮಾರು 885 ಓಮ್. ಗುಣಿಸಿದಾಗ ಸಾಮರ್ಥ್ಯ 59.8 ವಾಟ್, ಅಂದರೆ ಅಂಗಡಿಯಲ್ಲಿ ನಾವು ಕೇಳಿ ತರುತ್ತಿದ್ದ 60 ವಾಟಿನ ಬಲ್ಬು. ಅದೇ 230 ವೋಲ್ಟಿನಲ್ಲಿ ಇಸ್ತ್ರಿಪೆಟ್ಟಿಗೆಯೊಂದು 4.35 ಆಂಪಿಯರ್ ತೆಗೆದುಕೊಂಡರೆ ಅದರ ರೋಧ ಸುಮಾರು 53 ಓಮ್, ಸಾಮರ್ಥ್ಯ 1000 ವಾಟ್. ಸೂತ್ರ ಮರೆತುಹೋಗದಿರಲೆಂದು ಒಂದು ತ್ರಿಕೋನ ಬರೆದು, ಮೇಲೆ ‘ವಿ’, ಕೆಳಗೆ ‘ಐ’ ಮತ್ತು ‘ಆರ್’ ಎಂದು ಹಾಕಿ, ಬೇಕಾದ ಅಕ್ಷರವನ್ನು ಬೆರಳಿನಿಂದ ಮುಚ್ಚಿದರೆ ಉತ್ತರದ ದಾರಿ ತಿಳಿಯುತ್ತದೆಂದು ಕಲಿಸುವ ಉಪಾಯವೂ ಇದೆ. ನಾನೂ ಅದನ್ನು ಕಲಿಸಿದ್ದೇನೆ. ಅದರಿಂದ ನೂರಾರು ಮಕ್ಕಳು ಪರೀಕ್ಷೆಯಲ್ಲಿ ಅಂಕ ಗಳಿಸಿದ್ದಾರೆ. ಆದರೆ ಗುಣಾಕಾರ ಭಾಗಾಕಾರ ಬಂದ ಮಾತ್ರಕ್ಕೆ ವಿದ್ಯುತ್ತು ತಿಳಿದಂತಾಗುವುದಿಲ್ಲ. ಮನೆಯ ವಸ್ತುವನ್ನು ಕೈಯಾರೆ ಅಳೆದು, ಮನೆಯ ಮಾತಿನಲ್ಲಿ ಪ್ರಶ್ನೆ ಕೇಳಿದಾಗಲೇ ಆ ತಿಳಿವು ಮಗುವಿಗೆ ಬರುವುದು. ಈ ಅಭಿಪ್ರಾಯಕ್ಕೆ ನಾನು ಬಂದದ್ದು ಪುಸ್ತಕ ಓದಿ ಅಲ್ಲ, ನನ್ನ ಇಬ್ಬರು ವಿದ್ಯಾರ್ಥಿಗಳ ದೆಸೆಯಿಂದ.

ಮೊದಲನೆಯವನು 1986ರಲ್ಲಿ ಹತ್ತನೆಯ ತರಗತಿಯಲ್ಲಿದ್ದ ಹುಡುಗ. ಅವನ ತಂದೆ ಮನೆಗಳಿಗೆ ವಯರಿಂಗ್ ಮಾಡುವ ಕೆಲಸದವರು. ಮೇಲಿನ ಬಲ್ಬಿನ ಲೆಕ್ಕವನ್ನು ಮನೆಗೆಲಸವಾಗಿ ಕೊಟ್ಟ ಮರುದಿನ ಅವನು ತಂದೆಯ ಮಲ್ಟಿಮೀಟರನ್ನು ಚೀಲದಲ್ಲಿಟ್ಟುಕೊಂಡು ಬಂದಿದ್ದ. “ಮಾಷ್ಟ್ರೇ, ಲೆಕ್ಕದಲ್ಲಿ 885 ಓಮ್ ಬಂತು. ಮನೆಯ 60 ವಾಟಿನ ಬಲ್ಬನ್ನು ಬಿಚ್ಚಿ ಮೀಟರಿನಲ್ಲಿ ನೋಡಿದರೆ 65 ಮಾತ್ರ ತೋರಿಸುತ್ತದೆ. ಯಾವುದು ಸರಿ?” ಎಂದು ಕೇಳಿದ. ತರಗತಿ ನಿಶ್ಶಬ್ದವಾಯಿತು. ಒಂದೆರಡು ಓಮಿನ ವ್ಯತ್ಯಾಸವಾಗಿದ್ದರೆ ಏನಾದರೂ ಹೇಳಬಹುದಿತ್ತು. ಇದು ಹದಿಮೂರು ಪಟ್ಟಿನ ವ್ಯತ್ಯಾಸ. ನನಗೆ ಉತ್ತರ ತಿಳಿದಿರಲಿಲ್ಲ. ತಿಳಿದಿಲ್ಲವೆಂದು ಹೇಳುವ ಧೈರ್ಯವೂ ಇರಲಿಲ್ಲ. “ನಿನ್ನ ಮೀಟರು ಕೆಟ್ಟಿದೆ. ಪುಸ್ತಕದ ಲೆಕ್ಕವೇ ಸರಿ, ಕೂತುಕೋ” ಎಂದುಬಿಟ್ಟೆ. ಕೆಲವರು ನಕ್ಕರು. ಹುಡುಗ ಮೀಟರನ್ನು ಚೀಲಕ್ಕೆ ಹಾಕಿ ಕುಳಿತ. ಆ ವರ್ಷ ಮತ್ತೆ ಅವನು ನನ್ನ ತರಗತಿಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಪರೀಕ್ಷೆಗಳು ಮುಗಿದ ಮೇಲೆ, ಪರಿಚಯದವರೊಬ್ಬರ ಮೀಟರನ್ನು ಕೇಳಿ ತಂದು ಮನೆಯ ಬಲ್ಬುಗಳನ್ನು ಒಂದೊಂದಾಗಿ ಅಳೆದೆ. 60 ವಾಟಿನವು ಎಲ್ಲವೂ 60ರಿಂದ 70 ಓಮಿನೊಳಗೆ ನಿಂತವು. ಮೀಟರು ಕೆಟ್ಟಿದೆಯೋ ಎಂದು ಇಸ್ತ್ರಿಪೆಟ್ಟಿಗೆಯನ್ನು ಅಳೆದರೆ ಅದು 51 ತೋರಿಸಿತು. ಲೆಕ್ಕದ 53ಕ್ಕೆ ಅದು ಹತ್ತಿರವೇ. ಮೀಟರಿನಲ್ಲಿ ದೋಷವಿರಲಿಲ್ಲ. ಆಗ ನಾನು ಹತ್ತು ವರ್ಷಗಳಿಂದ ಮಕ್ಕಳಿಂದ ಬಾಯಿಪಾಠ ಹೇಳಿಸುತ್ತಿದ್ದ ನಿಯಮವನ್ನು ಮತ್ತೊಮ್ಮೆ ಓದಿದೆ. ‘ತಾಪವು ಸ್ಥಿರವಾಗಿರುವಾಗ, ವಾಹಕದಲ್ಲಿ ಹರಿಯುವ ಪ್ರವಾಹವು ಅದರ ತುದಿಗಳ ನಡುವಣ ವಿಭವಾಂತರಕ್ಕೆ ನೇರ ಅನುಪಾತದಲ್ಲಿರುತ್ತದೆ.’ ಮೊದಲಿನ ಎರಡು ಪದಗಳನ್ನು ನಾವು ಮಂತ್ರದ ಆರಂಭದ ಓಂಕಾರದಂತೆ ಹೇಳಿ ಮುಂದೆ ಹೋಗುತ್ತಿದ್ದೆವು. ಹುಡುಗನ ಪ್ರಶ್ನೆಗೆ ಉತ್ತರ ಆ ಎರಡು ಪದಗಳಲ್ಲೇ ಇತ್ತು.

ಉರಿಯುವ ಬಲ್ಬಿನ ಟಂಗ್‌ಸ್ಟನ್ ತಂತಿಯ ತಾಪ ಸುಮಾರು 2500 ಡಿಗ್ರಿ ಸೆಲ್ಸಿಯಸ್. ಲೋಹ ಕಾದಂತೆ ಅದರ ರೋಧ ಏರುತ್ತದೆ. ಮೇಜಿನ ಮೇಲೆ ತಣ್ಣಗಿರುವ ತಂತಿಯ ರೋಧ 65 ಓಮ್. ಅದೇ ತಂತಿ ಬೆಳ್ಳಗೆ ಕಾದು ಉರಿಯುವಾಗ 885 ಓಮ್. ಹುಡುಗನ ಮೀಟರೂ ಸರಿ, ಪುಸ್ತಕದ ಲೆಕ್ಕವೂ ಸರಿ. ತಪ್ಪಿದ್ದದ್ದು ಅಧ್ಯಾಪಕ ಮಾತ್ರ. ಇಸ್ತ್ರಿಪೆಟ್ಟಿಗೆಯ ನಿಕ್ರೋಮ್ ತಂತಿಯೋ ಕಾದರೂ ತನ್ನ ರೋಧವನ್ನು ಹೆಚ್ಚು ಬದಲಿಸದ ಮಿಶ್ರಲೋಹ. ಆದ್ದರಿಂದ ಅಲ್ಲಿ ಲೆಕ್ಕವೂ ಮೀಟರೂ ಹೊಂದಿಕೊಂಡವು. ಇನ್ನೊಂದು ಹೆಜ್ಜೆ ಮುಂದಿಟ್ಟರೆ, ಸ್ವಿಚ್ಚು ಹಾಕಿದ ಕ್ಷಣದಲ್ಲಿ ಬಲ್ಬು ತಣ್ಣಗಿರುವುದರಿಂದ 230ನ್ನು 65ರಿಂದ ಭಾಗಿಸಬೇಕು. ಸುಮಾರು 3.5 ಆಂಪಿಯರ್ ಬರುತ್ತದೆ. ಕ್ಷಣಾರ್ಧದಲ್ಲಿ ತಂತಿ ಕಾದು ಪ್ರವಾಹ 0.26ಕ್ಕೆ ಇಳಿಯುತ್ತದೆ. ಹಳೆಯ ಬಲ್ಬುಗಳು ಉರಿಯುತ್ತಿರುವಾಗ ಹೋಗುವುದಕ್ಕಿಂತ ಸ್ವಿಚ್ಚು ಹಾಕಿದಾಗ ಒಮ್ಮೆ ಮಿಂಚಿ ಹೋಗುತ್ತಿದ್ದುದೇ ಹೆಚ್ಚು ಎಂಬುದು ನಮ್ಮೆಲ್ಲರ ಅನುಭವ. ಅದರ ಕಾರಣವೂ ಈ ಒಂದು ಭಾಗಾಕಾರದಲ್ಲಿದೆ.

ನಿಯಮವನ್ನು ಕಂಡುಕೊಂಡ ಮಹನೀಯರೂ ನಮ್ಮಂತೆಯೇ ಶಾಲಾ ಅಧ್ಯಾಪಕರಾಗಿದ್ದವರು ಎಂಬುದನ್ನು ಈ ಸಂದರ್ಭದಲ್ಲಿ ನೆನೆಯಬೇಕು. ಜಾರ್ಜ್ ಸೈಮನ್ ಓಮ್ 1789ರಲ್ಲಿ ಜರ್ಮನಿಯ ಎರ್ಲಾಂಗೆನ್ ಎಂಬಲ್ಲಿ ಒಬ್ಬ ಬೀಗ ತಯಾರಿಸುವವನ ಮಗನಾಗಿ ಹುಟ್ಟಿದರು. 1817ರಿಂದ ಕಲೋನ್ ನಗರದ ಪ್ರೌಢಶಾಲೆಯಲ್ಲಿ ಗಣಿತ, ಭೌತಶಾಸ್ತ್ರಗಳನ್ನು ಕಲಿಸಿದರು. ತಂದೆಯಿಂದ ಬಂದ ಕೈಗೆಲಸದ ನೈಪುಣ್ಯದಿಂದ ಉಪಕರಣಗಳನ್ನು ತಾವೇ ಮಾಡಿಕೊಂಡರು. ಆ ಕಾಲದ ವಿದ್ಯುತ್ ಕೋಶಗಳ ಬಲ ಗಳಿಗೆಗೊಂದು ರೀತಿ ಏರಿಳಿಯುತ್ತಿದ್ದುದರಿಂದ, ಎರಡು ಲೋಹಗಳ ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು ಸ್ಥಿರವಾದ ವಿದ್ಯುತ್ತನ್ನು ಪಡೆದು, ಬೇರೆ ಬೇರೆ ಉದ್ದದ ತಂತಿಗಳಲ್ಲಿ ಅದು ಎಷ್ಟೆಷ್ಟು ಹರಿಯುತ್ತದೆಂದು ಅಳೆದರು. 1827ರಲ್ಲಿ ಪುಸ್ತಕ ಪ್ರಕಟಿಸಿದಾಗ ಅವರ ನಾಡಿನ ವಿದ್ವಾಂಸರು ಅದಕ್ಕೆ ಆದರ ತೋರಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕವನ್ನಿತ್ತು ಗೌರವಿಸಿತು. ಅಳತೆಯಿಂದ ಹುಟ್ಟಿದ ನಿಯಮವನ್ನು ಒಮ್ಮೆಯೂ ಅಳೆಯದೆ ಕಲಿಸುವುದು ಅದನ್ನು ಕಂಡುಕೊಟ್ಟವರಿಗೆ ಮಾಡುವ ಅನ್ಯಾಯವಲ್ಲವೇ?

ಎರಡನೆಯ ಪ್ರಶ್ನೆ ಬಂದದ್ದು ಕೆಲವು ವರ್ಷಗಳ ಬಳಿಕ, ಅಡಿಕೆ ತೋಟದ ಮನೆಯ ಒಬ್ಬ ಹುಡುಗಿಯಿಂದ. ನಮ್ಮ ಕಾಸರಗೋಡಿನ ಒಳನಾಡಿನಲ್ಲಿ ಫೆಬ್ರವರಿ ಕಳೆದ ಮೇಲೆ ತೋಟಕ್ಕೆ ನೀರು ಬಿಡುವುದೇ ದೊಡ್ಡ ಚಿಂತೆ. ಸಂಜೆಯಾದರೆ ಬಲ್ಬುಗಳು ಕೆಂಡದಂತೆ ಕೆಂಪಗೆ ಕಾಣುತ್ತಿದ್ದ ಕಾಲವದು. ಆ ವರ್ಷ ಅವರ ಮನೆಯ ಪಂಪಿನ ಮೋಟಾರು ಸುಟ್ಟುಹೋಗಿ, ಸುರುಳಿ ಸುತ್ತಿಸಿ ತರುವಷ್ಟರಲ್ಲಿ ಹಿಂಗಾರ ಒಣಗಿತ್ತು. ಅವಳು ಎದ್ದು ನಿಂತು, “ಮಾಷ್ಟ್ರೇ, ಕರೆಂಟು ಕಡಿಮೆಯಾದ್ದರಿಂದ ಪಂಪು ಸುಟ್ಟಿತೆಂದು ಅಪ್ಪ ಹೇಳಿದರು. ಕರೆಂಟು ಕಡಿಮೆಯಾದರೆ ಬಿಸಿಯೂ ಕಡಿಮೆಯಾಗಬೇಕಲ್ಲ, ಸುಡುವುದು ಹೇಗೆ?” ಎಂದು ಕೇಳಿದಳು.

ಹಿಂದಿನ ಪ್ರಕರಣದಿಂದ ನಾನು ಬುದ್ಧಿ ಕಲಿತಿದ್ದೆ. “ನಿನ್ನ ಪ್ರಶ್ನೆ ಬಹಳ ಒಳ್ಳೆಯದು. ಉತ್ತರ ಹೇಳಲು ನನಗೆ ಎರಡು ದಿನ ಬೇಕು” ಎಂದೆ. ಯೋಚಿಸಿದಾಗ ಮೊದಲ ಗಂಟು ಭಾಷೆಯಲ್ಲೇ ಇದೆಯೆಂದು ತಿಳಿಯಿತು. ನಮ್ಮ ಮನೆಗಳಲ್ಲಿ, ಮಾತು ಕನ್ನಡವಿರಲಿ ತುಳುವಿರಲಿ, ಎಲ್ಲದಕ್ಕೂ ‘ಕರೆಂಟು’ ಒಂದೇ ಪದ. ವಿದ್ಯುತ್ತು ಹೋದರೆ ‘ಕರೆಂಟು ಹೋಯಿತು’, ಬಿಲ್ಲು ಬಂದರೆ ‘ಕರೆಂಟು ಬಿಲ್ಲು’, ವೋಲ್ಟೇಜ್ ಇಳಿದರೆ ‘ಕರೆಂಟು ಕಡಿಮೆ’. ತರಗತಿಯಲ್ಲಾದರೋ ಕರೆಂಟು ಎಂದರೆ ಆಂಪಿಯರಿನಲ್ಲಿ ಅಳೆಯುವ ಪ್ರವಾಹ. ತಂದೆ ಹೇಳಿದ್ದು ವೋಲ್ಟೇಜಿನ ಮಾತು. ಮಗಳು ಕೇಳಿಸಿಕೊಂಡದ್ದು ಆಂಪಿಯರಿನ ಮಾತು. ಈ ಗೊಂದಲ ಆ ಮಗುವೊಂದರದ್ದೇ ಅಲ್ಲ, ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳದ್ದು. ಮನೆಯ ಮಾತನ್ನು ಅರಿಯದ ಅಧ್ಯಾಪಕನಿಗೆ ಮಕ್ಕಳು ಎಲ್ಲಿ ಎಡವಿದರೆಂಬುದೇ ಕಾಣುತ್ತಿರಲಿಲ್ಲ.

ಎರಡನೆಯ ಗಂಟು ವಿಜ್ಞಾನದ್ದು. ಇಸ್ತ್ರಿಪೆಟ್ಟಿಗೆಗೆ ವೋಲ್ಟೇಜ್ 230ರಿಂದ 160ಕ್ಕೆ ಇಳಿದರೆ ಪ್ರವಾಹ ಸುಮಾರು 3 ಆಂಪಿಯರಿಗೆ ಇಳಿಯುತ್ತದೆ, ಸಾಮರ್ಥ್ಯ 484 ವಾಟಿಗೆ ಬರುತ್ತದೆ. ವೋಲ್ಟೇಜಿನಲ್ಲಿ ಮೂರನೆಯ ಒಂದು ಪಾಲೂ ಹೋಗಿಲ್ಲ, ಬಿಸಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು; ಏಕೆಂದರೆ ಇಲ್ಲಿ ಸಾಮರ್ಥ್ಯವು ವೋಲ್ಟೇಜಿನ ವರ್ಗವನ್ನು ಅನುಸರಿಸುತ್ತದೆ. ತಂತಿಯ ಬಲ್ಬಿನ ಬೆಳಕಂತೂ ಮೂರನೆಯ ಒಂದು ಪಾಲಿಗಿಂತಲೂ ಕೆಳಗಿಳಿಯುತ್ತದೆ. ಆದರೆ ಮೋಟಾರು ಬರಿಯ ತಂತಿಯಲ್ಲ. ತಿರುಗುತ್ತಿರುವಾಗ ಅದು ತನ್ನೊಳಗೆ ಒಂದು ಎದುರು ವೋಲ್ಟೇಜನ್ನು ಹುಟ್ಟಿಸಿಕೊಳ್ಳುತ್ತದೆ. ಪ್ರವಾಹವನ್ನು ಹತೋಟಿಯಲ್ಲಿಡುವುದು ಮುಖ್ಯವಾಗಿ ಅದೇ. ಬಾವಿಯ ಆಳ ಹಾಗೆಯೇ ಇದೆ, ಎತ್ತಬೇಕಾದ ನೀರೂ ಹಾಗೆಯೇ ಇದೆ. ವೋಲ್ಟೇಜ್ ಇಳಿದಾಗ ಮೋಟಾರಿನ ಬಲ ಕುಂದಿ ವೇಗ ತಗ್ಗುತ್ತದೆ, ಎದುರು ವೋಲ್ಟೇಜ್ ಕುಗ್ಗುತ್ತದೆ, ಪ್ರವಾಹ ಇಳಿಯುವುದರ ಬದಲು ಏರುತ್ತದೆ. 7 ಆಂಪಿಯರ್ ಇದ್ದದ್ದು 10 ಆಯಿತೆಂದು ಇಟ್ಟುಕೊಳ್ಳೋಣ. ಜೂಲ್ ತೋರಿಸಿಕೊಟ್ಟಂತೆ ಸುರುಳಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗದಷ್ಟು. 49 ಇದ್ದದ್ದು 100 ಆಯಿತು. ಎರಡು ಪಟ್ಟು ಬಿಸಿಯಲ್ಲಿ ಗಂಟೆಗಟ್ಟಲೆ ಓಡಿದ ಮೋಟಾರಿನ ಸುರುಳಿಯ ಹೊದಿಕೆ ಕರಗಿ ಸುಡದೆ ಇನ್ನೇನಾದೀತು? ತಂದೆ ಹೇಳಿದ್ದು ಸರಿಯಾಗಿತ್ತು. ಮಗಳ ಸಂಶಯವೂ ಸರಿಯಾಗಿತ್ತು.

ಇಂತಹ ಮೋಟಾರಿಗೆ ನಮ್ಮ ಸುಲಭದ ಎರಡು ಸೂತ್ರಗಳನ್ನು ಕಣ್ಣುಮುಚ್ಚಿ ಹಾಕುವಂತಿಲ್ಲ. ಒಂದು ಅಶ್ವಶಕ್ತಿಯ ಪಂಪು 230 ವೋಲ್ಟಿನಲ್ಲಿ 7 ಆಂಪಿಯರ್ ತೆಗೆದುಕೊಂಡರೆ ಗುಣಲಬ್ಧ 1610. ಮನೆಯ ಮೀಟರು ದಾಖಲಿಸುವುದಾದರೋ ಸುಮಾರು 1100 ವಾಟಿನಂತೆ. ಪರ್ಯಾಯ ವಿದ್ಯುತ್ತಿನಲ್ಲಿ ವೋಲ್ಟೇಜಿನ ಏರಿಳಿತಕ್ಕೆ ಪ್ರವಾಹದ ಏರಿಳಿತ ಸರಿಯಾಗಿ ಜೊತೆಗೂಡದೆ ಹಿಂದೆ ಬೀಳುವುದೇ ಇದಕ್ಕೆ ಕಾರಣ. ಇದನ್ನು ಪವರ್ ಫ್ಯಾಕ್ಟರ್ ಎನ್ನುತ್ತಾರೆ. ಹಾಗೆಯೇ 230ನ್ನು 7ರಿಂದ ಭಾಗಿಸಿದರೆ 33 ಬರುತ್ತದೆ. ಆದರೆ ಸುರುಳಿಯ ರೋಧವನ್ನು ಮೀಟರಿನಲ್ಲಿ ನೋಡಿದರೆ ಕೆಲವೇ ಓಮ್. ಇದೆಲ್ಲ ಹತ್ತನೆಯ ತರಗತಿಗೆ ಬೇಡವೆನ್ನುವವರಿದ್ದಾರೆ. ಲೆಕ್ಕ ಬೇಡ, ಒಪ್ಪೋಣ. ಆದರೆ ‘ಈ ಸೂತ್ರ ಇಸ್ತ್ರಿಪೆಟ್ಟಿಗೆಗೆ ಪೂರ್ತಿ ಸಲ್ಲುತ್ತದೆ, ಬಲ್ಬಿನಲ್ಲಿ ತಾಪವನ್ನು ಗಮನಿಸಬೇಕು, ಮೋಟಾರಿಗೆ ಇಷ್ಟೇ ಸಾಲದು’ ಎಂಬ ಮೂರು ಮಾತುಗಳು ಮಗುವಿಗೆ ತಿಳಿದಿರಲೇಬೇಕು. ಸೂತ್ರದ ಎಲ್ಲೆ ತಿಳಿಯದವನಿಗೆ ಸೂತ್ರ ತಿಳಿದಿದೆಯೆಂದು ನಾನು ಒಪ್ಪುವುದಿಲ್ಲ.

ವೋಲ್ಟೇಜ್ ಇಳಿಯುವುದಾದರೂ ಏಕೆ? ಇದಕ್ಕೆ ಉತ್ತರಿಸಲು ಮತ್ತೆ ಓಮ್‌ನ ನಿಯಮವೇ ಸಾಕು. ಟ್ರಾನ್ಸ್‌ಫಾರ್ಮರಿನಿಂದ ಒಂದು ಕಿಲೋಮೀಟರ್ ದೂರದ ಮನೆಗೆ ಹೋಗಿ ಬರುವ ತಂತಿಯ ರೋಧ ಒಟ್ಟು 2 ಓಮ್ ಎಂದಿಟ್ಟುಕೊಳ್ಳಿ. ಒಂದು ಪಂಪು ಓಡಿದರೆ 7 ಆಂಪಿಯರಿಗೆ 14 ವೋಲ್ಟ್ ತಂತಿಯಲ್ಲೇ ಕಳೆದುಹೋಗುತ್ತದೆ. ಸಾಲಿನ ತುದಿಯಲ್ಲಿ ಐದು ತೋಟದವರು ಒಟ್ಟಿಗೆ ಪಂಪು ಹಾಕಿದರೆ 35 ಆಂಪಿಯರಿಗೆ 70 ವೋಲ್ಟ್ ಹೋಗಿ ಮನೆಗೆ ತಲುಪುವುದು 160 ಮಾತ್ರ. 70ನ್ನು 35ರಿಂದ ಗುಣಿಸಿ ನೋಡಿ. 2450 ವಾಟ್ ಯಾರಿಗೂ ಉಪಯೋಗವಿಲ್ಲದೆ ತಂತಿಯನ್ನು ಬಿಸಿ ಮಾಡಿ ಮುಗಿಯುತ್ತದೆ. ಹೆಚ್ಚಿನ ವೋಲ್ಟೇಜಿನ ತಂತಿಯನ್ನು ಮನೆಗಳ ಹತ್ತಿರಕ್ಕೆ ತಂದು ಅಲ್ಲೇ ಟ್ರಾನ್ಸ್‌ಫಾರ್ಮರ್ ಇಡುವುದೇ ಇದಕ್ಕೆ ಪರಿಹಾರ. ವೋಲ್ಟೇಜನ್ನು ಹತ್ತು ಪಟ್ಟು ಮಾಡಿದರೆ ಅಷ್ಟೇ ಸಾಮರ್ಥ್ಯಕ್ಕೆ ಪ್ರವಾಹ ಹತ್ತನೆಯ ಒಂದು ಪಾಲು ಸಾಕು, ನಷ್ಟ ನೂರನೆಯ ಒಂದು ಪಾಲಾಗುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ಯಲು ಸಾಧ್ಯವಾದದ್ದು ಈ ತತ್ತ್ವದಿಂದಲೇ. ಹುಡುಗಿಗೆ ನಾನು ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಮಾಡಿ ತೋರಿಸಿದೆ. ಅವಳು ಅದನ್ನು ಬರೆದುಕೊಂಡು ಹೋಗಿ ತಂದೆಗೆ ಓದಿ ಹೇಳಿದಳು. ಹೊಸ ಟ್ರಾನ್ಸ್‌ಫಾರ್ಮರಿಗಾಗಿ ಆ ಐದು ಮನೆಯವರು ಕೊಟ್ಟ ಮನವಿಯಲ್ಲಿ ಆ ಅಂಕಿಗಳಿದ್ದವು.

ಇಷ್ಟು ದೀರ್ಘವಾಗಿ ಬರೆದದ್ದಕ್ಕೆ ಕಾರಣವಿದೆ. ಇಂದು ನಮ್ಮವರೇ ಅನೇಕರು, “ಭಾಷೆ ಕನ್ನಡದಲ್ಲಿ ಇರಲಿ ಮಾಷ್ಟ್ರೇ, ವಿಜ್ಞಾನ ಮಾತ್ರ ಕನ್ನಡದಲ್ಲಿ ಓದಿ ಪ್ರಯೋಜನವಿಲ್ಲ” ಎಂದು ಹೇಳಿ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುತ್ತಾರೆ. ಅವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಾನೂ ಹತ್ತನೆಯ ತನಕ ಕನ್ನಡದಲ್ಲೇ ಓದಿ ಪ್ರಿಡಿಗ್ರಿಗೆ ಹೋದವನು. ಅಲ್ಲಿ ಅಧ್ಯಾಪಕರು ‘ರೆಸಿಸ್ಟೆನ್ಸ್’ ಎಂದಾಗ ಅದು ನಾನು ಬಲ್ಲ ರೋಧವೇ ಎಂದು ತಿಳಿಯದೆ ಓಣಂ ರಜೆಯ ತನಕ ಕಂಗಾಲಾಗಿದ್ದೆ. ಆದರೆ ಎರಡೂ ಒಂದೇ ಎಂದು ತಿಳಿದ ದಿನ ನನಗೆ ಹೊಸದಾಗಿ ಕಲಿಯಲು ಒಂದು ಪದ ಮಾತ್ರ ಉಳಿದಿತ್ತು, ವಿಷಯ ನನ್ನದಾಗಿಯೇ ಇತ್ತು. ಪದವನ್ನು ಮೊದಲು ಕಲಿತು ವಿಷಯವನ್ನು ಎಂದೂ ಮುಟ್ಟದ ಮಕ್ಕಳನ್ನೂ ನಾನು ಕಂಡಿದ್ದೇನೆ. ಅವರು ‘ಪವರ್ ಈಕ್ವಲ್ಸ್ ವಿ ಐ’ ಎಂದು ಥಟ್ಟನೆ ಹೇಳುತ್ತಾರೆ. ಮನೆಯ ಪಂಪು ಏಕೆ ಸುಟ್ಟಿತೆಂದು ಕೇಳುವುದಿಲ್ಲ. ಕೇಳಲು ಅವರಿಗೆ ಬುದ್ಧಿ ಇಲ್ಲವೆಂದಲ್ಲ, ತರಗತಿಯ ಭಾಷೆಯಲ್ಲಿ ಆ ಪ್ರಶ್ನೆಯನ್ನು ಜೋಡಿಸುವ ಬಲ ಇನ್ನೂ ಬಂದಿಲ್ಲ.

ಆದ್ದರಿಂದ ನನ್ನ ನಿಲುವು ಹಠದ್ದಲ್ಲ. ರೋಧ ಎಂಬ ಪದ ಒಳ್ಳೆಯದು. ತಡೆಯುವುದು ಎಂಬ ಅರ್ಥ ಮಗುವಿಗೆ ಕೂಡಲೇ ಹೊಳೆಯುತ್ತದೆ, ಮಲಯಾಳದ ಪ್ರತಿರೋಧಕ್ಕೂ ಅದು ಹತ್ತಿರ. ವಿಭವಾಂತರ ಎಂದರೆ ಮಾತ್ರ ಮಗು ನಮ್ಮ ಮುಖ ನೋಡುತ್ತದೆ. ಅಲ್ಲಿ ವೋಲ್ಟೇಜ್ ಎನ್ನುವುದರಲ್ಲಿ ತಪ್ಪೇನೂ ಇಲ್ಲ. ಎಂಟನೆಯ ತರಗತಿಯಿಂದಲೇ ಕನ್ನಡ ಪದದ ಜೊತೆಗೆ ಇಂಗ್ಲಿಷ್ ಪದವನ್ನೂ ಹೇಳಿಕೊಡೋಣ. ನಾನು ಪ್ರಿಡಿಗ್ರಿಯಲ್ಲಿ ಪಟ್ಟ ಪಾಡು ಯಾರಿಗೂ ಬೇಡ. ಆದರೆ ವಿವರಣೆ, ಸಂಶಯ, ಚರ್ಚೆ ಕನ್ನಡದಲ್ಲಿ ನಡೆಯಲಿ. ಪದಗಳ ಎಚ್ಚರವೂ ಬೇಕು. ಶಕ್ತಿ ಬೇರೆ, ಸಾಮರ್ಥ್ಯ ಬೇರೆ. ವಾಟ್ ಎಂಬುದು ಸಾಮರ್ಥ್ಯ. ಬಿಲ್ಲಿನಲ್ಲಿ ಬರುವ ಯೂನಿಟ್ ಎಂಬುದು ಶಕ್ತಿ, ಸಾವಿರ ವಾಟ್ ಒಂದು ಗಂಟೆ ನಡೆದಾಗ ಆಗುವ ಖರ್ಚು. ಅನುವಾದಗೊಂಡ ಪ್ರಶ್ನೆಪತ್ರಿಕೆಗಳಲ್ಲಿ ಇವೆರಡೂ ಅದಲುಬದಲಾಗಿ, ಸರಿಯಾಗಿ ಕಲಿತ ಮಕ್ಕಳೇ ತಬ್ಬಿಬ್ಬಾದುದನ್ನು ನಾನು ಪರೀಕ್ಷಾ ಕೊಠಡಿಯಲ್ಲಿ ನಿಂತು ನೋಡಿದ್ದೇನೆ.

ಕನ್ನಡದಲ್ಲಿ ವಿಜ್ಞಾನ ಹೇಳುವುದು ಇಂದಿನ ಮಾತೇನೂ ಅಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದ್ದು 1918ರಲ್ಲಿ. ನಮ್ಮ ಕರಾವಳಿಯವರೇ ಆದ ಶಿವರಾಮ ಕಾರಂತರು ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳ ಸಂಪುಟಗಳನ್ನು ಒಬ್ಬರೇ ಬರೆದರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ನಮ್ಮ ಶಾಲೆಯ ವಾಚನಾಲಯಕ್ಕೆ ಬರುತ್ತಿದ್ದ ಕಾಲದಲ್ಲಿ ಅದರ ಹಾಳೆಗಳು ಓದಿ ಓದಿ ಹರಿಯುತ್ತಿದ್ದವು. ಕೊರತೆ ಭಾಷೆಯದ್ದಲ್ಲ. 1956ರಲ್ಲಿ ಗಡಿಗೆರೆ ಬದಲಾದಂದಿನಿಂದ ನಮ್ಮದು ಸಾಲಿನ ಕೊನೆಯ ಮನೆ. ಪಠ್ಯಪುಸ್ತಕ ತಡವಾಗಿ ಬರುವುದು, ಕನ್ನಡ ಅರಿಯದ ಅಧ್ಯಾಪಕರು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಕವಾಗುವುದು ಮುಂತಾದವುಗಳ ವಿರುದ್ಧ ಈ ನಾಡು ಹಲವು ಬಾರಿ ದನಿಯೆತ್ತಿದೆ. ಈ ಹೋರಾಟವನ್ನು ಭಾಷಾಭಿಮಾನದ ಜಗಳವೆಂದು ತಿಳಿದವರಿಗೆ ನಾನು ಆ ಹುಡುಗಿಯ ಪ್ರಶ್ನೆಯನ್ನು ತೋರಿಸುತ್ತೇನೆ. ‘ಕರೆಂಟು ಕಡಿಮೆ’ ಎಂಬ ಮಾತಿನ ಒಳಗುಟ್ಟನ್ನು ಅರಿಯದ ಅಧ್ಯಾಪಕನ ಮುಂದೆ ಆ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಹುಟ್ಟಿದ್ದರೂ ತಪ್ಪು ಉತ್ತರವೆಂದು ಹೊಡೆದುಹಾಕಲ್ಪಡುತ್ತಿತ್ತು.

ಇನ್ನು ಮಾಡಬೇಕಾದದ್ದೇನು? ಸುವರ್ಣ ಮಹೋತ್ಸವದ ನೆನಪಿಗೆ ಮಹಾದ್ವಾರ, ರಂಗಮಂದಿರ ಮೊದಲಾದವುಗಳ ಯೋಜನೆಯಿದೆಯೆಂದು ಕೇಳಿದ್ದೇನೆ, ಆಗಲಿ. ಅದರ ಜೊತೆಗೆ ಹಳೆ ವಿದ್ಯಾರ್ಥಿಗಳು ಒಂದು ಸಣ್ಣ ಕೊಡುಗೆಯನ್ನೂ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಹತ್ತು ಮಲ್ಟಿಮೀಟರು, ಬ್ಯಾಟರಿ ಸೆಲ್ಲುಗಳು, ಟಾರ್ಚಿನ ಬಲ್ಬುಗಳು, ಒಂದಿಷ್ಟು ನಿಕ್ರೋಮ್ ತಂತಿ. ಒಂದು ಮೀಟರಿಗೆ ಈಗ ಕೆಲವು ನೂರು ರೂಪಾಯಿಗಳಷ್ಟೆ. ನಾಲ್ವರು ಮಕ್ಕಳಿಗೆ ಒಂದರಂತೆ ಕೊಟ್ಟರೆ ನಿಕ್ರೋಮ್ ತಂತಿಗೆ ಒಂದು ಸೆಲ್ಲು, ಎರಡು ಸೆಲ್ಲು, ಮೂರು ಸೆಲ್ಲು ಜೋಡಿಸಿ ವೋಲ್ಟನ್ನೂ ಆಂಪಿಯರನ್ನೂ ಅಳೆದು ಭಾಗಿಸಲಿ. ಮೂರು ಸಲವೂ ಹೆಚ್ಚುಕಡಿಮೆ ಒಂದೇ ಉತ್ತರ ಬರುತ್ತದೆ. ಟಾರ್ಚಿನ ಬಲ್ಬಿಗೂ ಹಾಗೆಯೇ ಮಾಡಲಿ. ಪ್ರತಿ ಸಲವೂ ಉತ್ತರ ಏರುತ್ತ ಹೋಗುತ್ತದೆ. ಏಕೆ ಎಂದು ಅಧ್ಯಾಪಕರು ಹೇಳದೆ, ಮಕ್ಕಳೇ ಕೇಳುವ ತನಕ ಕಾಯಲಿ. ಮನೆಯ ಉಪಕರಣದ ರೋಧವನ್ನು ನೋಡುವುದಾದರೆ ಪ್ಲಗ್ಗನ್ನು ಗೋಡೆಯಿಂದ ಪೂರ್ತಿ ಹೊರತೆಗೆದ ಮೇಲೆಯೇ, ಅದೂ ಹಿರಿಯರ ಎದುರಿನಲ್ಲೇ. ಗೋಡೆಯ 230 ವೋಲ್ಟಿಗೆ ಮಕ್ಕಳ ಕೈಯಲ್ಲಿ ಮೀಟರು ಕೊಡುವ ಮಾತೇ ಇಲ್ಲ.

ಹತ್ತನೆಯ ತರಗತಿಯ ಪ್ರತಿ ಮಗುವೂ ವರ್ಷಕ್ಕೊಮ್ಮೆ ‘ನಮ್ಮ ಮನೆಯ ವಿದ್ಯುತ್ ಲೆಕ್ಕ’ ಎಂಬ ಪುಟ್ಟ ಪುಸ್ತಕವನ್ನು ಬರೆಯಲಿ ಎಂಬುದು ನನ್ನ ಎರಡನೆಯ ಸಲಹೆ. ಯಾವ ಉಪಕರಣದ ಮೇಲೆ ಎಷ್ಟು ವಾಟ್ ಎಂದು ಬರೆದಿದೆ, ದಿನಕ್ಕೆ ಎಷ್ಟು ಗಂಟೆ ನಡೆಯುತ್ತದೆ, ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲಿನ ಯೂನಿಟ್ಟುಗಳಿಗೆ ಅದು ತಾಳೆಯಾಗುತ್ತದೆಯೇ ಎಂದು ನೋಡಲಿ. 60 ವಾಟಿನ ಹಳೆಯ ಬಲ್ಬು ದಿನಕ್ಕೆ 5 ಗಂಟೆ ಉರಿದರೆ 30 ದಿನಕ್ಕೆ 9 ಯೂನಿಟ್; ಈಗಿನ 9 ವಾಟಿನ ಎಲ್‌ಇಡಿ ಬಲ್ಬಿಗೆ ಅಷ್ಟೇ ಹೊತ್ತಿಗೆ 1.35 ಯೂನಿಟ್. ಈ ಲೆಕ್ಕವನ್ನು ಮಾಡಿದ ಮಗು ಮನೆಯವರಿಗೆ ಒಂದು ಮಾತು ಹೇಳಬಲ್ಲುದು, ಮನೆಯವರೂ ಶಾಲೆಯ ಪಾಠಕ್ಕೆ ಬೆಲೆ ಕೊಡಬಲ್ಲರು. ಲೆಕ್ಕ ತಾಳೆಯಾಗದಿದ್ದರೆ ಇನ್ನೂ ಒಳ್ಳೆಯದು. ಅಲ್ಲಿಂದಲೇ ವಿಜ್ಞಾನ ಆರಂಭವಾಗುತ್ತದೆ.

ಮೀಟರು ತಂದ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಅವನು ಹತ್ತನೆಯ ಬಳಿಕ ಮುಂದೆ ಓದಲಿಲ್ಲ. ತಂದೆಯ ಕೆಲಸವನ್ನೇ ಹಿಡಿದ. ನಾನು ನಿವೃತ್ತನಾದ ಮೇಲೆ ಒಮ್ಮೆ ನಮ್ಮ ಮನೆಯ ಪಂಪು ಕೆಟ್ಟಾಗ ರಿಪೇರಿಗೆ ಬಂದವನು ಅವನೇ. ಕೆಲಸ ಮುಗಿಸಿ ಚಹಾ ಕುಡಿಯುತ್ತಿದ್ದಾಗ, ಇಪ್ಪತ್ತು ವರ್ಷಕ್ಕೂ ಮೀರಿದ ಆ ಸಂಗತಿಯನ್ನು ನೆನಪಿಸಿ, “ಅಂದು ನಿನ್ನ ಮೀಟರು ಸರಿಯಿತ್ತು ಮಾರಾಯ, ತಪ್ಪು ನನ್ನದು” ಎಂದೆ. ಅವನು ನಕ್ಕು, “ಅದು ಸರಿಯಿತ್ತೆಂದು ನನಗೆ ಆಗಲೇ ಗೊತ್ತಿತ್ತು ಮಾಷ್ಟ್ರೇ. ಅದರಲ್ಲೇ ಅಲ್ಲವೇ ಅಪ್ಪ ದಿನಾ ಕೆಲಸ ಮಾಡುತ್ತಿದ್ದದ್ದು? ಯಾಕೆ ಹಾಗೆಂದು ಮಾತ್ರ ಗೊತ್ತಿರಲಿಲ್ಲ” ಎಂದ. ಅಂದು ಅಂಗಳದಲ್ಲೇ ಕುಳಿತು ತಣ್ಣಗಿನ ತಂತಿ, ಕಾದ ತಂತಿಗಳ ವಿಷಯವನ್ನು ಅವನಿಗೆ ಹೇಳಿದೆ. 1986ರಲ್ಲಿ ಹೇಳಬೇಕಾಗಿದ್ದ ಪಾಠವದು.

ನಮ್ಮ ಶಾಲೆಯಿಂದ ಇಂಜಿನಿಯರರು, ವೈದ್ಯರು, ಅಧ್ಯಾಪಕರು, ಕೃಷಿಕರು, ವಯರಿಂಗ್ ಕೆಲಸದವರು ಎಲ್ಲರೂ ಹೊರಬಂದಿದ್ದಾರೆ; ಎಲ್ಲರೂ ನಮ್ಮವರೇ. ಇನ್ನು ಮುಂದೆ ಈ ಬೆಂಚುಗಳಲ್ಲಿ ಕೂರುವ ಮಕ್ಕಳಿಗೆ ಅಳೆಯಲು ಒಂದು ಮೀಟರು, ಕೇಳಲು ತಮ್ಮದೇ ಆದ ಭಾಷೆ, ಕೇಳಿದಾಗ ‘ನನಗೂ ತಿಳಿದಿಲ್ಲ, ಜೊತೆಯಾಗಿ ನೋಡೋಣ’ ಎನ್ನುವ ಅಧ್ಯಾಪಕರು ಸಿಗಲಿ. ಶಾಲೆ ಶತಮಾನೋತ್ಸವವನ್ನು ಕಾಣುವಂತಾಗಲಿ ಎಂದು ಹಾರೈಸಿ ವಿರಮಿಸುತ್ತೇನೆ.